ಊರಿನ ಗುಂಪಿನಲ್ಲಿ ಮಾತು ಕೆಟ್ಟಾಗ: ಅಡ್ಮಿನ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಊರಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೆಲ್ಲ ಇರುತ್ತಾರೆ ನೋಡಿ. ನಿವೃತ್ತ ಮೇಷ್ಟ್ರು ಇರುತ್ತಾರೆ, ಅವರ ಹತ್ತಿರ ಏಟು ತಿಂದು ಓದಿದ ಹುಡುಗರೂ ಇರುತ್ತಾರೆ. ಊರಲ್ಲೇ ಅಂಗಡಿ ಇಟ್ಟವರು, ಬೆಂಗಳೂರಲ್ಲಿ ಕೆಲಸಕ್ಕಿರುವವರು, ದುಬೈ ಮಸ್ಕತ್ ಸೇರಿದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಎಲ್ಲ ಜಾತಿಯವರು, ಎಲ್ಲ ಪಕ್ಷದವರು. ಊರಲ್ಲಿ ಇವರೆಲ್ಲ ಒಂದೇ ಕಟ್ಟೆ ಮೇಲೆ ಕೂತು ಮಾತಾಡಿದ್ದು ಕಡಿಮೆ. ಫೋನಿನಲ್ಲಿ ಮಾತ್ರ ಒಟ್ಟಿಗೆ ಇದ್ದಾರೆ. ವಾಟ್ಸಾಪ್ ಈಗ ಒಂದು ಗುಂಪಿಗೆ 1024 ಜನರವರೆಗೆ ಸೇರಿಸಲು ಬಿಡುತ್ತದೆ. ಅಷ್ಟು ಜನರ ಎದುರು ಒಬ್ಬರ ಮರ್ಯಾದೆ ಹೋಗಲು ಒಂದು ಸಾಲು ಸಾಕು.

ಇಂಥ ಗುಂಪು ನೋಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಹಳೆಯ ವಿದ್ಯಾರ್ಥಿಗಳ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಹೊರದೇಶದ ಕನ್ನಡಿಗರ ಫೇಸ್‌ಬುಕ್ ಗುಂಪುಗಳಿಗೂ ಇದರಲ್ಲಿ ಹೆಚ್ಚಿನದೆಲ್ಲ ಹೊಂದುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೈಗುಳಗಳ ಪಟ್ಟಿ ಮಾಡಿಕೊಂಡು ಕೂತರೆ ಈ ಕೆಲಸ ಆಗುವುದಿಲ್ಲ. ಮಾತು ಯಾರಿಗೆ ತಗಲುತ್ತದೆ, ಅವರು ತಿರುಗಿ ಮಾತಾಡುವ ಸ್ಥಿತಿಯಲ್ಲಿ ಇದ್ದಾರಾ ಎಂದು ನೋಡುವುದನ್ನು ಕಲಿಯಬೇಕು. ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಹೆಜ್ಜೆ 1: ಗುಂಪು ಯಾತಕ್ಕೆ ಎಂದು ಒಂದು ಸಾಲಿನಲ್ಲಿ ಬರೆಯಿರಿ

'ಊರಿನ ಸುದ್ದಿ, ಸಾವು ನೋವು, ಜಾತ್ರೆ, ರಕ್ತ ಬೇಕಾದಾಗ ಕರೆ, ಬಸ್ಸು ಕರೆಂಟು ನೀರಿನ ವಿಷಯ.' ಹೀಗೆ ಬರೆದು ಗುಂಪಿನ ವಿವರಣೆಯಲ್ಲಿ ಹಾಕಿ. ಉದ್ದೇಶ ಬರೆಯದ ಗುಂಪಿನಲ್ಲಿ ರಾಜಕೀಯದ ಫಾರ್ವರ್ಡ್‌ಗಳೇ ಜಾಗ ಹಿಡಿಯುತ್ತವೆ, ಜಗಳದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲೇ. ರಾಜಕೀಯ ಬೇಕು ಎನ್ನುವವರಿಗೆ ಇನ್ನೊಂದು ಗುಂಪು ಮಾಡಿಕೊಡಿ. ಇಷ್ಟವಿದ್ದವರು ಸೇರಲಿ.

ಹೆಜ್ಜೆ 2: ಯಾವ ಮಾತು ಎಷ್ಟು ಕೆಟ್ಟದ್ದು ಎಂದು ಅಡ್ಮಿನ್‌ಗಳು ಮೊದಲೇ ಕೂತು ಮಾತಾಡಿಕೊಳ್ಳಿ

ಇಲ್ಲಿ ಅವಸರ ಬೇಡ. ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ.

ಧಾರವಾಡದ ಕಡೆಯ ಗೆಳೆಯರಿಬ್ಬರು 'ಏನಲೇ ಮಗನ' ಅಂದುಕೊಂಡರೆ ಅದು ಸಲಿಗೆ. ಬೆಂಗಳೂರಿನ ಹುಡುಗರ 'ಮಗಾ', ಕುಂದಾಪುರ ಮಂಗಳೂರು ಕಡೆಯ 'ಮಾರಾಯ' ಕೂಡ ಹಾಗೇ. ಅದನ್ನು ಅಳಿಸಲು ಹೋದರೆ ಗುಂಪು ಸರ್ಕಾರಿ ಸುತ್ತೋಲೆಯ ಹಾಗೆ ಒಣಗುತ್ತದೆ. ಆದರೆ ಅದೇ 'ಲೇ' ಪರಿಚಯವಿಲ್ಲದ ಹಿರಿಯರಿಗೆ, ಅದರಲ್ಲೂ ಜಗಳದ ಮಧ್ಯೆ ಬಂದರೆ ಅವಮಾನ. ಸಲಿಗೆ ಎರಡೂ ಕಡೆಯಿಂದ ಇದೆಯಾ ಎಂದು ನೋಡಿ. ಒಬ್ಬ 'ಲೇ' ಅನ್ನುತ್ತಿದ್ದಾನೆ, ಇನ್ನೊಬ್ಬ 'ಹೇಳಿ ಸರ್' ಅನ್ನುತ್ತಿದ್ದಾನೆ ಎಂದರೆ ಅಲ್ಲಿರುವುದು ಸಲಿಗೆ ಅಲ್ಲವೇ ಅಲ್ಲ.

ಏಕವಚನದ ವಿಷಯ ಇದಕ್ಕಿಂತ ಆಳದ್ದು. ಒಂದೂ ಕೆಟ್ಟ ಪದ ಬಳಸದೆ ಮರ್ಯಾದೆ ತೆಗೆಯಬಹುದು. 'ನೀನ್ಯಾರು ಹೇಳೋಕೆ' ಅಂದರೆ ಸಾಕು. ನಮ್ಮ ಊರುಗಳಲ್ಲಿ ದಲಿತ ಕೇರಿಯ ಹಿರಿಯರನ್ನು ಮೇಲ್ಜಾತಿಯ ಎಳೆಯ ಹುಡುಗರೂ ಏಕವಚನದಲ್ಲಿ ಕರೆಯುತ್ತಾ ಬಂದಿದ್ದಾರೆ. ಆ ಅಭ್ಯಾಸ ಫೋನಿಗೂ ಬರುತ್ತದೆ. ಮೇಷ್ಟ್ರಿಗೆ 'ನೀವು', ಅದೇ ವಯಸ್ಸಿನ ಇನ್ನೊಬ್ಬರಿಗೆ 'ನೀನು' ಎಂದು ಯಾರಾದರೂ ಬರೆಯುತ್ತಿದ್ದರೆ ಅಡ್ಮಿನ್ ಕಣ್ಣಿಗೆ ಅದು ಬೀಳಬೇಕು. ಯಾವ ಫಿಲ್ಟರೂ ಇದನ್ನು ಹಿಡಿಯುವುದಿಲ್ಲ.

ಇನ್ನು ನೇರ ಬೈಗುಳಗಳು. ಹುಟ್ಟಿನ ಮೇಲೆ ಬೀಳುವ ಮಾತುಗಳನ್ನು ಎಲ್ಲಕ್ಕಿಂತ ಮೇಲೆ ಇಡಿ. ಜಾತಿ, ಧರ್ಮ, ಹೆಣ್ಣುತನ, ಅಂಗವೈಕಲ್ಯ, ಮೈಬಣ್ಣ. ಜಾತಿಯ ಹೆಸರನ್ನೇ ಬೈಗುಳ ಮಾಡುವುದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದರೆ, ಬಳಸುವವರಿಗೆ ಅದು ಜಾತಿಯ ಹೆಸರು ಎಂದೇ ಹೊಳೆಯುವುದಿಲ್ಲ. 'ಕೊರಮ' ಎಂದು ಬೈಯುತ್ತಾರೆ. ಅದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಒಂದು ಸಮುದಾಯ. 'ಹಜಾಮ' ಎಂಬ ಪದವನ್ನು ಬೈಗುಳವಾಗಿ ಬಳಸುವುದಕ್ಕೆ ಸವಿತಾ ಸಮಾಜದವರು ಬಹಳ ವರ್ಷಗಳಿಂದ ಆಕ್ಷೇಪ ಹೇಳುತ್ತಿದ್ದಾರೆ. ಆ ಸಮುದಾಯದ ಹುಡುಗ ನಿಮ್ಮ ಗುಂಪಿನಲ್ಲೇ ಇರುತ್ತಾನೆ. ಬೈದದ್ದು ಅವನಿಗಲ್ಲ, ಆದರೆ ತಗಲುವುದು ಅವನಿಗೇ.

'ಮುಂಡೆಮಗ', 'ಬೋಳಿಮಗ' ಎಂಬ ಬೈಗುಳಗಳೂ ಹೀಗೇ. ಎರಡರ ಬುಡದಲ್ಲೂ ಇರುವುದು ಗಂಡ ಸತ್ತ ಹೆಂಗಸಿನ ಮೇಲಿನ ತಿರಸ್ಕಾರ. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಿದ ತಾಯಂದಿರು ಅದೇ ಗುಂಪಿನಲ್ಲಿ ಅದನ್ನು ಓದುತ್ತಾರೆ. 'ಗಂಡಸಾಗಿದ್ರೆ ಬಾ', 'ಬಳೆ ತೊಟ್ಕೊಂಡು ಕೂತ್ಕೋ' ಎನ್ನುವುದು ಇಬ್ಬರು ಗಂಡಸರ ಜಗಳದಂತೆ ಕಾಣುತ್ತದೆ. ಅಲ್ಲೂ ಕೀಳಾಗುವುದು ಬಳೆ ತೊಟ್ಟವರೇ.

ಕನ್ನಡದ ಗುಂಪುಗಳಲ್ಲೇ ವಿಶೇಷವಾಗಿ ಕಾಣುವ ಇನ್ನೊಂದು ಗಾಯ ಉಚ್ಚಾರ ಮತ್ತು ಕಾಗುಣಿತದ ಗೇಲಿ. 'ಹಾಲು' ಬದಲು 'ಆಲು' ಎಂದು ಬರೆದವರನ್ನು ಎಲ್ಲರೆದುರು ತಿದ್ದಿ ನಗುವುದು, ಉತ್ತರ ಕರ್ನಾಟಕದವರ ಮಾತನ್ನು ಅಣಕಿಸುವುದು, ಕರಾವಳಿಯವರಿಗೆ 'ನಿಮ್ದು ಪುಸ್ತಕದ ಕನ್ನಡ' ಅನ್ನುವುದು. ಮಾಡುವವರಿಗೆ ತಮಾಷೆ. ಆದರೆ ಜನ ಇದರಿಂದ ಸುಮ್ಮನಾಗುವಷ್ಟು ಬೇಗ ಬೈಗುಳದಿಂದಲೂ ಆಗುವುದಿಲ್ಲ. ಬೈಸಿಕೊಂಡವರು ತಿರುಗಿ ಬೈಯುತ್ತಾರೆ. ಕಾಗುಣಿತಕ್ಕೆ ನಗಿಸಿಕೊಂಡವರು ಮತ್ತೆ ಬರೆಯುವುದೇ ಇಲ್ಲ. ಶಾಲೆ ಅರ್ಧಕ್ಕೆ ಬಿಟ್ಟವರು ಮೊದಲ ಸಲ ಧೈರ್ಯ ಮಾಡಿ ಬರೆದಿರುತ್ತಾರೆ, ಅದನ್ನು ಕಾಪಾಡುವುದು ಅಡ್ಮಿನ್ ಕೆಲಸ ಎಂದು ನಾನು ನಂಬಿದ್ದೇನೆ.

ಈಗ ಇದರ ಇನ್ನೊಂದು ಬದಿ. ಸಿಟ್ಟಿನ ಟೀಕೆ ಬೈಗುಳ ಅಲ್ಲ. 'ಕೆರೆ ಹೂಳೆತ್ತಿದ ದುಡ್ಡು ಎಲ್ಲಿ ಹೋಯ್ತು, ಪಂಚಾಯಿತಿ ಅಧ್ಯಕ್ಷರು ಲೆಕ್ಕ ಕೊಡಲಿ' ಎಂದು ಯಾರಾದರೂ ಎಷ್ಟು ಖಾರವಾಗಿ ಬರೆದರೂ ಅದನ್ನು ಅಳಿಸಬೇಡಿ. ಊರಿನ ಗುಂಪುಗಳಲ್ಲಿ ಮೊದಲು ಅಳಿಸಿಹೋಗುವುದೇ ಇಂಥ ಮಾತು, ಯಾಕೆಂದರೆ ದೊಡ್ಡವರಿಂದ ಅಡ್ಮಿನ್‌ಗೆ ಫೋನ್ ಬರುತ್ತದೆ. ಹುದ್ದೆಯಲ್ಲಿರುವವರನ್ನು ಅವರ ಕೆಲಸದ ಬಗ್ಗೆ ಕೇಳಿದರೆ ಉಳಿಸಿ. ಅವರ ಜಾತಿ, ಮನೆ ಹೆಂಗಸರ ಬಗ್ಗೆ ಎತ್ತಿದರೆ ತೆಗೆಯಿರಿ.

ಹೆಜ್ಜೆ 3: ನಿಯಮ ಚಿಕ್ಕದಿರಲಿ

ಮೂವತ್ತು ಸಾಲಿನ ನಿಯಮವನ್ನು ಯಾರೂ ಓದುವುದಿಲ್ಲ. 'ಅಸಭ್ಯ ಭಾಷೆ ನಿಷೇಧ' ಎಂದು ಬರೆದರೂ ಪ್ರಯೋಜನವಿಲ್ಲ, ಯಾವುದು ಅಸಭ್ಯ ಎಂಬ ಜಗಳ ಅಲ್ಲಿಂದಲೇ ಶುರು. ಇಷ್ಟು ಸಾಕು:

'ಜಾತಿ, ಧರ್ಮ, ಹೆಣ್ಣುಮಕ್ಕಳು, ಅಂಗವೈಕಲ್ಯ ಎತ್ತಿ ಬೈದರೆ ಮೆಸೇಜ್ ಹೋಗುತ್ತದೆ, ಬೈದವರೂ ಹೋಗುತ್ತಾರೆ. ಯಾರ ಕನ್ನಡಕ್ಕೂ ನಗಬೇಡಿ. ಪರಿಚಯವಿಲ್ಲದವರಿಗೆ ಬಹುವಚನ. ಫಾರ್ವರ್ಡ್ ಮಾಡಿದವರೇ ಅದಕ್ಕೆ ಹೊಣೆ. ಬೇಜಾರಾದರೆ ಗುಂಪಿನಲ್ಲಿ ಜಗಳ ಬೇಡ, ಅಡ್ಮಿನ್‌ಗೆ ತಿಳಿಸಿ.'

ಫಾರ್ವರ್ಡ್ ಸಾಲನ್ನು ಮರೆಯಬೇಡಿ. 'ನಂಗೆ ಬಂದಿದ್ದನ್ನ ಹಾಕಿದೆ ಅಷ್ಟೇ' ಎಂಬ ಸಮಜಾಯಿಷಿ ಎಲ್ಲ ಕಡೆ ಕೇಳಿಬರುತ್ತದೆ. ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ವಾಟ್ಸಾಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿತು. ಜೋಡಿ ಬಾಣದ ಗುರುತು ಇರುವ ಅಂಥ ಮೆಸೇಜ್ ನಿಮ್ಮ ಗುಂಪಿಗೆ ಬಂದಿದೆ ಎಂದರೆ, ಒಬ್ಬರು ಈ ಗುಂಪನ್ನೇ ಆರಿಸಿ ಕಳಿಸಿದ್ದಾರೆ ಎಂದು ಅರ್ಥ.

ಹೆಜ್ಜೆ 4: ಅಡ್ಮಿನ್‌ಗಳನ್ನು ಆರಿಸುವುದು

ಒಬ್ಬರೇ ಅಡ್ಮಿನ್ ಇದ್ದರೆ ಅದು ಅವರ ಮನೆ ಜಗುಲಿ ಆಗುತ್ತದೆ. ಕನಿಷ್ಠ ಮೂವರಿರಲಿ. ಒಬ್ಬರಾದರೂ ಹೆಣ್ಣುಮಗಳು ಇರಲೇಬೇಕು. ಗುಂಪಿನಲ್ಲಿ ನೋಡಿದ ಯಾವುದೋ ನಂಬರಿನಿಂದ ರಾತ್ರಿ 'ಹಾಯ್' ಎಂದು ಖಾಸಗಿ ಮೆಸೇಜ್ ಬಂದರೆ ಹೆಣ್ಣುಮಕ್ಕಳು ಗಂಡಸು ಅಡ್ಮಿನ್‌ಗೆ ಹೇಳಲು ಹಿಂಜರಿಯುತ್ತಾರೆ. ಮೂವರೂ ಒಂದೇ ಜಾತಿ, ಒಂದೇ ಬೀದಿಯವರು ಆಗದಿರಲಿ. ಹೊರದೇಶದಲ್ಲಿರುವ ಒಬ್ಬರನ್ನು ಸೇರಿಸಿಕೊಂಡರೆ ಇನ್ನೊಂದು ಅನುಕೂಲ: ಅಮೆರಿಕದಲ್ಲಿ ಹಗಲಿದ್ದಾಗ ಇಲ್ಲಿ ರಾತ್ರಿ, ಕೆಟ್ಟ ಜಗಳಗಳು ಆಗುವುದು ಹೆಚ್ಚಾಗಿ ಇಲ್ಲಿನ ರಾತ್ರಿ ಹೊತ್ತಲ್ಲೇ.

ಅಡ್ಮಿನ್‌ಗಳಿಗೆ ಬೇರೆ ಒಂದು ಪುಟ್ಟ ಗುಂಪಿರಲಿ. ಯಾವ ದಿನ ಏನಾಯಿತು, ಯಾರಿಗೆ ಏನು ಹೇಳಿದೆವು ಎಂದು ಅಲ್ಲಿ ಬರೆದಿಡಿ. ತಮ್ಮ ಸಂಬಂಧಿಕರ ವಿಷಯ ಬಂದಾಗ ಆ ಅಡ್ಮಿನ್ ಹಿಂದೆ ಸರಿದು ಉಳಿದಿಬ್ಬರಿಗೆ ಬಿಡಬೇಕು. ಇದನ್ನು ಜಗಳ ಬರುವ ಮುಂಚೆಯೇ ಒಪ್ಪಿಕೊಂಡಿರಬೇಕು.

ಹೆಜ್ಜೆ 5: ಆ್ಯಪ್‌ನ ಸೌಲಭ್ಯಗಳು

ವಾಟ್ಸಾಪ್ ಗುಂಪಿನಲ್ಲಿ ಕೆಟ್ಟ ಪದಗಳನ್ನು ತಾನಾಗಿ ತಡೆಯುವ ವ್ಯವಸ್ಥೆ ಅಡ್ಮಿನ್ ಕೈಯಲ್ಲಿಲ್ಲ. ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಅವಕಾಶ 2022ರಿಂದ ಇದೆ. ಅಳಿಸಿದಾಗ, ಅಳಿಸಿದ ಅಡ್ಮಿನ್ ಯಾರು ಎಂದೂ ಕಾಣುತ್ತದೆ. ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಮಾಡಬಹುದು. ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂದು ಇಡಬಹುದು. ಇದನ್ನು ಇವತ್ತೇ ಆನ್ ಮಾಡಿ. ಟೆಲಿಗ್ರಾಂನಲ್ಲಿ ಸ್ಲೋ ಮೋಡ್ ಇದೆ, ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇನ್ನೊಂದಕ್ಕೆ ಕೆಲವು ಸೆಕೆಂಡಿನಿಂದ ಒಂದು ಗಂಟೆಯವರೆಗೆ ಕಾಯುವಂತೆ ಮಾಡಬಹುದು. ಕಾವೇರಿದ ಚರ್ಚೆಗೆ ಇದು ಒಳ್ಳೆಯ ಮದ್ದು. ಫೇಸ್‌ಬುಕ್ ಗುಂಪಿನಲ್ಲಿ ನೀವು ಕೊಟ್ಟ ಪದಗಳು ಕಾಣಿಸಿದಾಗ ಎಚ್ಚರಿಸುವ ಸೌಲಭ್ಯ ಇದೆ, ಒಬ್ಬ ಸದಸ್ಯರನ್ನು ಕೆಲವು ದಿನ ಬರೆಯದಂತೆ ತಡೆಯುವುದೂ ಇದೆ.

ಪದ ತಡೆಯುವ ಸೌಲಭ್ಯ ಇರುವ ಕಡೆಯೂ ಅದನ್ನೇ ನಂಬಿ ಕೂರಬೇಡಿ. 'ಸೂಳೆ' ಎಂಬ ಪದ ತಡೆದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ತುಂಬಿದ ಸುದ್ದಿ ಸಿಕ್ಕಿಬೀಳಬಹುದು. 'ಬೋಳಿ' ತಡೆದರೆ ದಕ್ಷಿಣ ಕನ್ನಡದ ಬೋಳಿಯಾರಿನವರು ತಮ್ಮ ಊರಿನ ಹೆಸರು ಬರೆಯಲು ಒದ್ದಾಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗಲಂತೂ ಲಕಾರ ಳಕಾರ ಒಂದೇ ಆಗಿ ಹೊಳೆಗೂ ಹೊಲೆಗೂ ವ್ಯತ್ಯಾಸ ಉಳಿಯುವುದಿಲ್ಲ. ನಿಜವಾಗಿ ಬೈಯುವವರು ನಡುವೆ ಒಂದು ಚುಕ್ಕಿ ಇಟ್ಟೋ ಅಕ್ಷರ ಬಿಟ್ಟೋ ಬರೆದು ದಾಟಿಹೋಗುತ್ತಾರೆ. ಹಾಗಾಗಿ ಪದ ಸಿಕ್ಕರೆ ಮೆಸೇಜ್ ತಡೆದು ಅಡ್ಮಿನ್ ಕಣ್ಣಿಗೆ ತೋರಿಸುವಂತೆ ಇಡಿ. ತೀರ್ಮಾನ ಮನುಷ್ಯರೇ ಮಾಡಲಿ.

ಹೆಜ್ಜೆ 6: ಮಾತು ಬಿದ್ದ ಮೇಲೆ

ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಹೆಸರು, ನಂಬರು, ದಿನ, ಹೊತ್ತು ಕಾಣುವಂತಿರಲಿ. ಹಿಂದಿನ ನಾಲ್ಕೈದು ಮೆಸೇಜೂ ಬರಲಿ, ಯಾಕೆಂದರೆ ಯಾರು ಕೆಣಕಿದರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಳಿಸುವ ಅವಸರದಲ್ಲಿ ಇದನ್ನು ಬಿಟ್ಟರೆ ಆಮೇಲೆ 'ನಾನು ಹಾಗಂದಿಲ್ಲ' ಎಂಬ ಮಾತಿಗೆ ಉತ್ತರವಿರುವುದಿಲ್ಲ.

ಆಮೇಲೆ ಅಳಿಸಿ. ಗುಂಪಿನಲ್ಲಿ ಒಂದೇ ಸಾಲು ಹಾಕಿ: 'ಜಾತಿ ಎತ್ತಿ ಬರೆದ ಮೆಸೇಜ್ ತೆಗೆದಿದ್ದೇವೆ. ಇದರ ಬಗ್ಗೆ ಇಲ್ಲಿ ಚರ್ಚೆ ಬೇಡ, ಅಡ್ಮಿನ್‌ಗಳು ನೋಡಿಕೊಳ್ಳುತ್ತೇವೆ.' ಬರೆದವರ ಹೆಸರು ಹಾಕಬೇಡಿ, ಆ ಪದವನ್ನು ಮತ್ತೆ ಬರೆಯಬೇಡಿ. ಏನೂ ಹೇಳದೆ ಅಳಿಸಿದರೆ ಎಲ್ಲರೂ ಊಹೆಗೆ ಇಳಿಯುತ್ತಾರೆ.

ಮುಂದಿನ ಫೋನ್ ಯಾರಿಗೆ? ಹೆಚ್ಚಿನ ಅಡ್ಮಿನ್‌ಗಳು ಬೈದವರಿಗೆ ಮಾಡುತ್ತಾರೆ. ಮೊದಲು ಬೈಸಿಕೊಂಡವರಿಗೆ ಮಾಡಿ. 'ಅಕ್ಕಾ, ಅದನ್ನ ನೋಡಿದ್ವಿ, ತೆಗೆದಿದ್ದೀವಿ. ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೀವಿ. ನೀವು ಮುಂದೆ ಏನು ಮಾಡ್ಬೇಕು ಅಂತ ಇದ್ರೂ ನಿಮ್ಮ ಜೊತೆ ಇರ್ತೀವಿ' ಎಂದರೆ ಸಾಕು. 'ಹೋಗ್ಲಿ ಬಿಡಿ, ಊರಿನವರೇ ಅಲ್ವಾ' ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು. ರಾಜಿ ಪಂಚಾಯಿತಿ ಮಾಡುವ ಅಭ್ಯಾಸ ನಮಗೆ ಬಹಳ. ಅದರಲ್ಲಿ ಪ್ರತಿ ಸಲ ತಗ್ಗುವವರು ನೊಂದವರೇ. ಕ್ಷಮಿಸುವುದು ಬಿಡುವುದು ಅವರ ಇಷ್ಟ, ಗುಂಪಿನ ಶಾಂತಿಗಾಗಿ ಅವರು ಅದನ್ನು ಕೊಡಬೇಕಾಗಿಲ್ಲ.

ಆಮೇಲೆ ಬೈದವರ ಸರದಿ. ಮೆಸೇಜ್ ಬೇಡ, ಫೋನ್ ಮಾಡಿ. ಬರೆದ ಮಾತಿಗೆ ದನಿ ಇರುವುದಿಲ್ಲ, ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಗುಂಪಿಗೂ ಹೋಗುತ್ತದೆ. ಯಾರು ಮಾತಾಡಬೇಕು ಎಂದು ಯೋಚಿಸಿ. ಅರವತ್ತು ದಾಟಿದವರಿಗೆ ಇಪ್ಪತ್ತೈದರ ಹುಡುಗ ಬುದ್ಧಿ ಹೇಳಿದರೆ ವಿಷಯ ಬಿಟ್ಟು ವಯಸ್ಸಿನ ಜಗಳ ಆಗುತ್ತದೆ. ಅವರ ಜೊತೆಗಾರರೊಬ್ಬರಿಂದ ಹೇಳಿಸಿ. ಮಾತು ಹೀಗಿರಲಿ: 'ಅಣ್ಣಾ, ಸಿಟ್ಟು ಬಂದಿದ್ದು ಅರ್ಥ ಆಗುತ್ತೆ. ರಸ್ತೆ ವಿಷಯ ನೀವು ಕೇಳಿದ್ದು ಸರಿಯೇ. ಆದ್ರೆ ಅವರ ಜಾತಿ ಎತ್ತಿದ್ದು ಸರಿಯಿಲ್ಲ. ಅದನ್ನ ತೆಗೆದಿದ್ದೀವಿ.' ಅಷ್ಟು ಹೇಳಿ ಸುಮ್ಮನಿರಿ. ಅವರು ಮಾತಾಡಲಿ. 'ಅವನು ಮೊದಲು ಅಂದ' ಎಂದರೆ, 'ಅದನ್ನೂ ನೋಡ್ತೀವಿ' ಎನ್ನಿ, ನಿಜವಾಗಿಯೂ ನೋಡಿ.

ಶಿಕ್ಷೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಬಾಯಿತಪ್ಪಿದ ಬೈಗುಳಕ್ಕೆ ಒಂದು ಫೋನ್ ಸಾಕು. ಎರಡನೆಯ ಸಲವೂ ಆದರೆ ಒಂದು ವಾರ ಹೊರಗೆ. ವಾಟ್ಸಾಪ್‌ನಲ್ಲಿ ಒಬ್ಬರ ಬಾಯಿ ಮಾತ್ರ ಕಟ್ಟಲು ಬರುವುದಿಲ್ಲ, ಹಾಗಾಗಿ ತೆಗೆದು ವಾರದ ನಂತರ ಸೇರಿಸಬೇಕು. ಜಾತಿ ಎತ್ತಿ ಬೈದರೆ, ಹೆಣ್ಣುಮಕ್ಕಳಿಗೆ ಅಶ್ಲೀಲ ಬರೆದರೆ, ಹೊಡೆಯುವ ಕೊಲ್ಲುವ ಬೆದರಿಕೆ ಹಾಕಿದರೆ ಮೊದಲ ಸಲವೇ ತೆಗೆಯಿರಿ. ಇದರಲ್ಲಿ ದೊಡ್ಡವರು ಚಿಕ್ಕವರು ನೋಡಬೇಡಿ. ಜಾತ್ರೆಗೆ ಜಾಸ್ತಿ ಚಂದಾ ಕೊಡುವವರಿಗೆ ಒಂದು ನಿಯಮ, ಕೂಲಿ ಹುಡುಗನಿಗೆ ಒಂದು ನಿಯಮ ಆದ ದಿನ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ.

ಕ್ಷಮೆ ಕೇಳಿಸುವುದೂ ಸೂಕ್ಷ್ಮ. ಎಲ್ಲರೆದುರು ಅವಮಾನ ಮಾಡಿ, ಗುಟ್ಟಾಗಿ 'ಸಾರಿ' ಹೇಳಿದರೆ ಸರಿಹೋಗದು. ಹಾಗೆಂದು ನೀವೇ ಬರೆದುಕೊಟ್ಟ ಕ್ಷಮಾಪಣೆಯನ್ನು ಹಾಕಿಸಿದರೆ ಮನಸ್ಸಿನಲ್ಲಿ ಹಗೆ ಉಳಿಯುತ್ತದೆ. 'ನಿನ್ನೆ ನಾನು ಬರೆದದ್ದು ತಪ್ಪು' ಎಂದು ಅವರೇ ತಮ್ಮ ಮಾತಿನಲ್ಲಿ ಒಂದು ಸಾಲು ಬರೆಯಲಿ. ಅದಕ್ಕೆ ಯಾರೂ ಕಮೆಂಟ್ ಹಾಕದಂತೆ ನೋಡಿಕೊಳ್ಳಿ.

ಹೆಜ್ಜೆ 7: ಬಿಸಿ ದಿನಗಳಿಗೆ ಮೊದಲೇ ಸಿದ್ಧರಾಗಿ

ಚುನಾವಣೆ ಫಲಿತಾಂಶದ ದಿನ, ಇಬ್ಬರು ನಟರ ಅಭಿಮಾನಿಗಳ ಜಗಳ, ಭಾಷೆಯ ವಿವಾದ, ಗಲಭೆಯ ಸುದ್ದಿ. ಇವು ಗುಂಪನ್ನು ಒಂದೇ ರಾತ್ರಿಯಲ್ಲಿ ಕೆಡಿಸಬಲ್ಲವು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ವಿಷಯಕ್ಕೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. ಜನರನ್ನು ಹೊಡೆಯುವ ವಿಡಿಯೊಗಳು ಎರಡೂ ರಾಜ್ಯಗಳಲ್ಲಿ ಫೋನಿಂದ ಫೋನಿಗೆ ಹರಿದವು. ನೀರಿನ ಹಕ್ಕಿನ ಬಗ್ಗೆ ಎಷ್ಟು ಗಟ್ಟಿಯಾಗಿ ಬೇಕಾದರೂ ಮಾತಾಡಬಹುದು. ಪಕ್ಕದ ಮನೆಯ ತಮಿಳರನ್ನು 'ಕೊಂಗ' ಎಂದು ಬೈಯುವುದಕ್ಕೂ ನೀರಿಗೂ ಸಂಬಂಧವಿಲ್ಲ.

ಇಂಥ ದಿನ ಗುಂಪನ್ನು 'ಅಡ್ಮಿನ್ ಮಾತ್ರ' ಎಂದು ಮಾಡಿ. ಯಾಕೆ, ಯಾವಾಗ ತೆರೆಯುತ್ತೇವೆ ಎಂದು ಬರೆಯಿರಿ: 'ನಾಳೆ ಬೆಳಗ್ಗೆ 8ಕ್ಕೆ ಮತ್ತೆ ತೆರೆಯುತ್ತೇವೆ. ತುರ್ತು ಇದ್ದರೆ ಅಡ್ಮಿನ್‌ಗೆ ಫೋನ್ ಮಾಡಿ.' ಹೇಳಿದ ಹೊತ್ತಿಗೆ ಸರಿಯಾಗಿ ತೆರೆಯಿರಿ.

ಹೆಜ್ಜೆ 8: ಕಾನೂನು ಎಷ್ಟು ಗೊತ್ತಿರಬೇಕು

'ಯಾರೋ ಏನೋ ಹಾಕಿದ್ರೆ ಅಡ್ಮಿನ್ ಜೈಲಿಗೆ' ಎಂಬ ಹೆದರಿಕೆ ಎಲ್ಲ ಕಡೆ ಇದೆ. ಸದಸ್ಯರು ಹಾಕಿದ ಮೆಸೇಜಿಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಆ ಕೃತ್ಯದಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ. ಹಾಗಾಗಿ ಕೆಟ್ಟ ಮೆಸೇಜಿಗೆ ನಗುವ ಇಮೋಜಿ ಕೂಡ ಹಾಕಬೇಡಿ.

ಇನ್ನೂ ಕೆಲವರು '66ಎ ಹಾಕ್ಸ್ತೀನಿ' ಎಂದು ಹೆದರಿಸುತ್ತಾರೆ. ಐಟಿ ಕಾಯ್ದೆಯ ಆ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಬೇರೆ ಕಾನೂನುಗಳು ಇವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196, ಬೆದರಿಕೆಗೆ 351, ಮಾನಹಾನಿಗೆ 356, ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತಿಗೆ 79ನೇ ಸೆಕ್ಷನ್ ಇದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಜಾತಿ ಹೆಸರು ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ದೂರು ಕೊಡಬೇಕೋ ಬೇಡವೋ ಎಂಬುದನ್ನು ನೊಂದವರು ತೀರ್ಮಾನಿಸಲಿ. ಹತ್ತಿರದ ಠಾಣೆ, ಜಿಲ್ಲೆಯ ಸೈಬರ್ ಅಪರಾಧ ಠಾಣೆ, ಇಲ್ಲವೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೀವು ಮಾಡಬೇಕಾದ್ದು ಸ್ಕ್ರೀನ್‌ಶಾಟ್ ಕೊಡುವುದು, ಅವರು ಬಯಸಿದರೆ ಜೊತೆಗೆ ಹೋಗುವುದು. ಬೆದರಿಕೆ ನಿಜ ಅನ್ನಿಸಿದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಹೆಜ್ಜೆ 9: ಹೊರಗೆ ಹೋದವರು ವಾಪಸ್ ಬಂದಾಗ

ಗುಂಪಿನಿಂದ ತೆಗೆದರೂ ಊರಿನ ನಂಟು ಹೋಗುವುದಿಲ್ಲ. ತೆಗೆದವರನ್ನು ನಾಳೆ ಮದುವೆ ಮನೆಯಲ್ಲಿ ನೋಡಲೇಬೇಕು. ಅದಕ್ಕೇ ತೆಗೆಯುವಾಗಲೇ ವಾಪಸ್ ಬರುವ ದಾರಿ ಹೇಳಿ: ಎಷ್ಟು ದಿನ, ಯಾರನ್ನು ಕೇಳಬೇಕು. ಕೆಟ್ಟದಾಗಿ ಬೈದು ಹೋದವರ ವಿಷಯದಲ್ಲಿ ಬೈಸಿಕೊಂಡವರನ್ನು ಮೊದಲು ಕೇಳಿ. ಅವರು ಬೇಡ ಎಂದರೆ ಬೇಡ.

ಸೇರಿಸಿದ ದಿನ ಸ್ವಾಗತದ ಮೆಸೇಜ್ ಹಾಕಬೇಡಿ, ಹಳೆಯದನ್ನು ನೆನಪಿಸಬೇಡಿ. ಯಾರಾದರೂ 'ಬಂದ್ರಪ್ಪಾ ಬಂದ್ರು' ಎಂದು ಕಾಲೆಳೆದರೆ ಆ ಮೆಸೇಜನ್ನೂ ಅಳಿಸಿ, ಹಾಕಿದವರಿಗೂ ಒಂದು ಫೋನ್ ಮಾಡಿ.